ಬೈಕಿಗೆ ಅಲಾರಂ ಹಾಕ್ಸೋ ಮುಂಚೆ

ಬೈಕ್ ಕಳುವಾಗುತ್ತೆ, ಆದ್ರೆ ಬೈಕಿನ ಸಾಲ ಕಳುವಾಗಲ್ಲ. ಕೇಳೋಕೆ ತಮಾಷೆಯ ಮಾತು. ಅನುಭವಿಸಿದವರಿಗೆ ನಗು ಬರೋದಿಲ್ಲ.

ಹೊಸಪೇಟೆಯ ನಮ್ಮ ಓಣಿಯ ಹುಡುಗನೊಬ್ಬ ತೋರಣಗಲ್ಲು ಕಡೆ ಗುತ್ತಿಗೆ ಕೆಲಸಕ್ಕೆ ಹೋಗ್ತಾನೆ. ರಾತ್ರಿ ಪಾಳಿಗೆ ಬಸ್ ಹತ್ತುವ ಕಡೆ ಬೈಕ್ ನಿಲ್ಲಿಸಿ ಹೋದ. ಬೆಳಿಗ್ಗೆ ಬಂದು ನೋಡಿದರೆ ಬೈಕ್ ಇರಲಿಲ್ಲ. ಇನ್ನೂ 17 ಕಂತು ಬಾಕಿ ಇತ್ತು. "ಐದು ವರ್ಷದ ಇನ್ಶೂರೆನ್ಸ್ ಐತಲ್ಲಣ್ಣ" ಅಂದ. ಕಾಗದ ತೆಗೆದು ನೋಡಿದ್ವಿ. ಐದು ವರ್ಷ ಇದ್ದದ್ದು ಥರ್ಡ್ ಪಾರ್ಟಿ ವಿಮೆಗೆ ಮಾತ್ರ.

ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನ ಕೊಳ್ಳುವಾಗಲೇ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಅದು ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ನಷ್ಟಕ್ಕೆ. ಕಳ್ಳತನ ಬರೋದು 'ಓನ್ ಡ್ಯಾಮೇಜ್' ಭಾಗದಲ್ಲಿ. ಅದನ್ನ ಸಾಮಾನ್ಯವಾಗಿ ಮೊದಲ ವರ್ಷಕ್ಕಷ್ಟೇ ಕೊಟ್ಟಿರುತ್ತಾರೆ, ಆಮೇಲೆ ನಾವೇ ನವೀಕರಿಸಬೇಕು. ಆ ಹುಡುಗ ಈಗಲೂ ತಿಂಗಳ 5ನೇ ತಾರೀಖು ಇಲ್ಲದ ಬೈಕಿನ ಕಂತು ಕಟ್ತಾನೆ, ಡ್ಯೂಟಿಗೆ ಶೇರ್ ಆಟೋದಲ್ಲಿ ಹೋಗ್ತಾನೆ.

ಅದಾದ ಎರಡೇ ವಾರದಲ್ಲಿ ನಮ್ಮ ಓಣಿಯಲ್ಲಿ ನಾಲ್ಕು ಬೈಕಿಗೆ ಅಲಾರಂ ಬಂತು. ಅದರಲ್ಲಿ ನನ್ನದೂ ಒಂದು. ನನ್ನದು ನೀರಿನ ಪಂಪ್ ಸರ್ವೀಸ್ ಕೆಲಸ. ಸೋಮವಾರ ಕಂಪ್ಲಿ, ಬುಧವಾರ ಸಂಡೂರು, ಮನೆಗೆ ನೆಂಟರು ಬಂದರೆ ಭಾನುವಾರ ಹಂಪಿ. ದಿನಕ್ಕೆ ಐದಾರು ಕಡೆ ಬೈಕ್ ನಿಲ್ಲಿಸಿ ಕಣ್ಣಿಗೆ ಕಾಣದಷ್ಟು ದೂರ ಹೋಗಬೇಕಾಗುತ್ತೆ. ಒಂದೂವರೆ ವರ್ಷ ಈ ಪೆಟ್ಟಿಗೆಯ ಜೊತೆ ಓಡಾಡಿ ಗೊತ್ತಾದದ್ದನ್ನ ಇಲ್ಲಿ ಬರೀತಿದ್ದೀನಿ.

ಪೆಟ್ಟಿಗೆಯಲ್ಲಿ ಏನಿರುತ್ತೆ?

ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಕಪ್ಪು ಡಬ್ಬಿ, ಒಂದು ಸೈರನ್, ಎರಡು ರಿಮೋಟ್, ಒಂದು ಕಟ್ಟು ವೈರ್. ಡಬ್ಬಿಯ ಒಳಗೆ ಅದುರುವಿಕೆ ಗುರುತಿಸುವ ಸೆನ್ಸರ್ ಇರುತ್ತೆ. ಯಾರಾದ್ರೂ ಬೈಕ್ ಅಲುಗಿಸಿದರೆ ಮೊದಲು ಚಿಕ್ಕದಾಗಿ ಚಿಂವ್ ಅನ್ನುತ್ತೆ. ಮತ್ತೆ ಅಲುಗಿಸಿದರೆ ಪೂರ್ತಿ ಅರಚುತ್ತೆ, ಇಂಡಿಕೇಟರ್ ಮಿನುಗುತ್ತೆ. ಕೀ ಇಲ್ಲದೆ ಸ್ಟಾರ್ಟ್ ಮಾಡೋಕೆ ಹೋದರೆ ಇಗ್ನಿಷನ್ ಕಟ್ ಮಾಡೋ ಸೌಲಭ್ಯವೂ ಕೆಲವಲ್ಲಿ ಇದೆ.

ನನಗೆ ಅಲಾರಂಗೆ 1,350 ರೂಪಾಯಿ, ಕೂಡಿಸೋಕೆ 400 ಆಯ್ತು. ಆನ್‌ಲೈನ್‌ನಲ್ಲಿ ಇದರ ಅರ್ಧ ಬೆಲೆಗೂ ಸಿಗುತ್ತೆ. ಕೊಳ್ಳುವಾಗ ಒಂದು ಪ್ರಶ್ನೆ ಕೇಳಿ: ರಿಮೋಟ್ ಪ್ರತಿಸಲ ಒಂದೇ ಕೋಡ್ ಕಳಿಸುತ್ತಾ, ಬದಲಾಯಿಸುತ್ತಾ? ಬದಲಾಗುವ ಕೋಡ್‌ಗೆ 'ರೋಲಿಂಗ್ ಕೋಡ್' ಅಂತಾರೆ. ಒಂದೇ ಕೋಡ್ ಆದರೆ ಅದನ್ನ ನಕಲು ಮಾಡೋದು ಸುಲಭ. ಬೀಗಕ್ಕೆ ನೂರು ರೂಪಾಯಿ ಜಾಸ್ತಿ ಕೊಟ್ಟರೂ ಪರವಾಗಿಲ್ಲ, ಎಲ್ಲರ ಕೀಲಿಗೂ ತೆರೆಯೋ ಬೀಗ ಬೇಡ.

ವೈರ್ ಕತ್ತರಿಸೋ ಕೈ ಯಾರದು?

ಅಲಾರಂ ಎಷ್ಟು ಒಳ್ಳೇದು ಅನ್ನೋದಕ್ಕಿಂತ ಅದನ್ನ ಕೂಡಿಸಿದವರು ಎಷ್ಟು ಒಳ್ಳೆಯವರು ಅನ್ನೋದು ಮುಖ್ಯ. "ಹತ್ತು ನಿಮಿಷದಾಗ ಹಾಕಿಕೊಡ್ತೀನಿ ಬರ್ರಿ" ಅಂದವರ ಹತ್ತಿರ ಹೋಗಬೇಡಿ. ನನ್ನ ಬೈಕಿಗೆ ಎರಡು ತಾಸು ಹಿಡೀತು. ಪಕ್ಕದಲ್ಲೇ ಸ್ಟೂಲ್ ಹಾಕ್ಕೊಂಡು ಕೂತು ನೋಡಿದೆ. ನೀವೂ ಕೂತು ಇವನ್ನ ಗಮನಿಸಿ.

ಬ್ಯಾಟರಿಯ ಪ್ಲಸ್‌ನಿಂದ ಬರೋ ವೈರಿಗೆ, ಬ್ಯಾಟರಿಯ ಹತ್ತಿರದಲ್ಲೇ, ಒಂದು ಚಿಕ್ಕ ಫ್ಯೂಸ್ ಇರಬೇಕು. ಅದಿಲ್ಲದೆ ವೈರ್ ಎಲ್ಲಾದರೂ ಉಜ್ಜಿ ಚಾಸಿಗೆ ತಾಗಿದರೆ ಸೀಟಿನ ಕೆಳಗೇ ಬೆಂಕಿ. ಜೋಡಣೆಗಳನ್ನ ಬೆಸುಗೆ ಹಾಕಿ ಸ್ಲೀವ್ ಮುಚ್ಚಬೇಕು. ಹಲ್ಲಿನಲ್ಲಿ ಕಚ್ಚಿ ಸುಲಿದು, ತಿರುಚಿ, ಟೇಪ್ ಸುತ್ತಿದ್ದು ನಮ್ಮ ಏಪ್ರಿಲ್ ಬಿಸಿಲಿಗೆ ಅಂಟು ಬಿಟ್ಟುಕೊಳ್ಳುತ್ತೆ. ಸೈರನ್ ಬಾಯಿ ಕೆಳಗೆ ಮುಖ ಮಾಡಿರಬೇಕು, ಇಲ್ಲಾಂದ್ರೆ ಮಳೆನೀರು ತುಂಬುತ್ತೆ.

ಇಗ್ನಿಷನ್ ಕಟ್ ಹಾಕಿಸೋದಾದರೆ ಒಂದು ಪರೀಕ್ಷೆ ಕಡ್ಡಾಯ. ಮೇನ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ಎಂಜಿನ್ ಓಡ್ತಾ ಇರುವಾಗ ಅಲಾರಂನ ಫ್ಯೂಸ್ ಕಿತ್ತು ನೋಡಿ. ಎಂಜಿನ್ ಓಡ್ತಾನೇ ಇರಬೇಕು. ನಿಂತುಹೋದರೆ ಆ ಜೋಡಣೆ ಬೇಡ. ಯಾಕೆ ಗೊತ್ತಾ? ನಾಳೆ ಸಂಡೂರು ರಸ್ತೆಯಲ್ಲಿ ಅದಿರು ಲಾರಿ ಓವರ್‌ಟೇಕ್ ಮಾಡುವಾಗ ಆ ಡಬ್ಬಿ ಕೆಟ್ಟರೆ ಎಂಜಿನ್ ಅಲ್ಲೇ ನಿಲ್ಲುತ್ತೆ. ಹಾಗೇ, ಎಂಜಿನ್ ಓಡುವಾಗ ರಿಮೋಟಿನ ಲಾಕ್ ಗುಂಡಿ ಒತ್ತಿ ನೋಡಿ. ಜೇಬಿನಲ್ಲಿ ಅಕಸ್ಮಾತ್ ಒತ್ತಿದರೂ ಏನೂ ಆಗಬಾರದು.

ರಿಮೋಟ್‌ನಲ್ಲೇ ಸ್ಟಾರ್ಟ್ ಮಾಡೋ ಸೌಲಭ್ಯ ನೋಡೋಕೆ ಚೆಂದ. ಆದರೆ ಗಾಡಿ ಗೇರಿನಲ್ಲಿದ್ದರೆ ಮುಂದಕ್ಕೆ ಜಿಗಿಯುತ್ತೆ. ಮನೆಯಲ್ಲಿ ಮಕ್ಕಳಿದ್ದರೆ ಆ ವೈರನ್ನ ಕೂಡಿಸಲೇಬೇಡಿ ಅಂತ ಹೇಳಿ.

ಹೊಸ ಬೈಕ್‌ನವರಿಗೆ ಇನ್ನೊಂದು ಮಾತು. 2020ರ ಏಪ್ರಿಲ್‌ನಿಂದ ಬಿಎಸ್-6 ಬಂದ ಮೇಲೆ ಬಹುತೇಕ ಬೈಕುಗಳು ಫ್ಯೂಯಲ್ ಇಂಜೆಕ್ಷನ್‌ಗೆ ಬಂದಿವೆ, ಎಲ್ಲಕ್ಕೂ ಕಂಪ್ಯೂಟರ್. ಮೂಲ ವೈರಿಂಗ್ ಕತ್ತರಿಸಿದರೆ ವಾರಂಟಿಗೆ ತೊಂದರೆ ಆಗಬಹುದು. ವಾರಂಟಿ ಪುಸ್ತಕ ಒಮ್ಮೆ ಓದಿ, ಸರ್ವೀಸ್ ಸೆಂಟರ್‌ನಲ್ಲಿ ಕೇಳಿ, ಆಮೇಲೆ ಕೈ ಹಾಕಿ.

ಬ್ಯಾಟರಿ ಲೆಕ್ಕ

ನೀವು ಮಲಗಿದರೂ ಅಲಾರಂ ಮಲಗಲ್ಲ. ಬ್ಯಾಟರಿಯಿಂದ ಹನಿಹನಿಯಾಗಿ ಕರೆಂಟ್ ಕುಡೀತಾನೇ ಇರುತ್ತೆ. ನನ್ನ ಬ್ಯಾಗಿನಲ್ಲಿ ಯಾವಾಗಲೂ ಮಲ್ಟಿಮೀಟರ್ ಇರುತ್ತೆ, ಹಾಗಾಗಿ ಅಳೆದೆ: 5 ಮಿಲಿಆಂಪ್. ದಿನಕ್ಕೆ 0.12 ಆಂಪ್-ಅವರ್ ಆಯ್ತು. 4 ಆಂಪ್-ಅವರ್ ಬ್ಯಾಟರಿ ಅರ್ಧಕ್ಕೆ ಇಳಿಯೋಕೆ ಸುಮಾರು 16 ದಿನ. ಓಣಿಯ ಇನ್ನೊಬ್ಬರ ಅಗ್ಗದ ಡಬ್ಬಿ 20 ಮಿಲಿಆಂಪ್ ತಿಂತಿತ್ತು. ಅದಕ್ಕೆ ನಾಲ್ಕೇ ದಿನ ಸಾಕು.

ದಿನಾ ಓಡಿಸುವವರಿಗೆ ಇದು ಲೆಕ್ಕಕ್ಕೇ ಬರಲ್ಲ. ಆದರೆ ಶುಕ್ರವಾರ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿ, ಹಬ್ಬದ ರಜೆ ಸೇರಿಸಿ ವಾರ ಬಿಟ್ಟು ಬರೋರು ಯೋಚನೆ ಮಾಡಿ. ಇಂಜೆಕ್ಷನ್ ಬೈಕಿನ ಪೆಟ್ರೋಲ್ ಪಂಪ್ ಓಡೋದೇ ಕರೆಂಟಿನಿಂದ. ಬ್ಯಾಟರಿ ಪೂರ್ತಿ ಸತ್ತರೆ ಕಿಕ್ ಹೊಡೆದರೂ ಪ್ರಯೋಜನ ಇಲ್ಲದೆ ಹೋಗಬಹುದು.

ಒಂದೊಂದು ಊರಿಗೆ ಒಂದೊಂದು ಸೆಟ್ಟಿಂಗ್

ಸೆನ್ಸರ್‌ನ ಸೂಕ್ಷ್ಮತೆ ಹೆಚ್ಚು ಕಡಿಮೆ ಮಾಡಬಹುದು. ಹೊಸದರಲ್ಲಿ ಎಲ್ಲರೂ ಪೂರ್ತಿ ಹೆಚ್ಚಿಸ್ತಾರೆ. ಬೆಕ್ಕು ಸೀಟಿನ ಮೇಲೆ ಕಾಲಿಟ್ಟರೂ ಕೂಗಲಿ ಅಂತ. ಸಂಡೂರಿನಲ್ಲಿ ಅದು ನಡೆಯಲ್ಲ. ಅದಿರು ತುಂಬಿದ ಲಾರಿ ಪಕ್ಕದಲ್ಲಿ ಹೋದರೆ ನೆಲವೇ ನಡುಗುತ್ತೆ. ಲಾರಿಗೊಮ್ಮೆ ಬೈಕ್ ಅರಚುತ್ತೆ. ಅಲ್ಲಿ ಸೂಕ್ಷ್ಮತೆ ಇಳಿಸಬೇಕು, ರಸ್ತೆಯಿಂದ ದೂರ ನಿಲ್ಲಿಸಬೇಕು. ಅಲ್ಲಿನ ಕೆಂಪು ದೂಳು ಸೈರನ್ ಬಾಯಿಗೂ ಹೋಗುತ್ತೆ. ಸರ್ವೀಸ್‌ಗೆ ಬಿಟ್ಟಾಗ ಬ್ರಷ್‌ನಲ್ಲಿ ತೆಗೆಸಿ.

ಹಂಪಿಯಲ್ಲಿ ಕೋತಿ. ಅವಕ್ಕೆ ಬೈಕಿನ ಕನ್ನಡಿ ಅಂದ್ರೆ ಪ್ರಾಣ. ಅಲಾರಂ ಕೂಗಿದರೆ ಮೊದಲು ಓಡಿಹೋಗುತ್ತವೆ. ಎರಡನೇ ಸಲ ಹತ್ತು ಅಡಿ ದೂರ ಕೂತು ನೋಡ್ತವೆ. ಮೂರನೇ ಸಲ ಕೂಗಿಸೋಕೇ ಬರ್ತವೆ. ಜೊತೆಗೆ ಅಲ್ಲಿ ದೂರದ ಸಮಸ್ಯೆ ಬೇರೆ. ವಿಜಯ ವಿಠ್ಠಲ ದೇವಸ್ಥಾನಕ್ಕೆ ಹೋಗೋರು ಪಾರ್ಕಿಂಗ್‌ನಲ್ಲಿ ಗಾಡಿ ಬಿಟ್ಟು, ಬ್ಯಾಟರಿ ವಾಹನದಲ್ಲೋ ನಡೆದೋ ಸುಮಾರು ಒಂದು ಕಿಲೋಮೀಟರ್ ಹೋಗಬೇಕು. ಮಧ್ಯೆ ಬಂಡೆಗಳು. ಬೈಕ್ ಕೂಗಿದರೂ ನಿಮಗೆ ಕೇಳಲ್ಲ, ರಿಮೋಟ್ ಒತ್ತಿದರೂ ಬೈಕಿಗೆ ತಲುಪಲ್ಲ.

ಕಂಪ್ಲಿ ಕಡೆ ಭತ್ತದ ಗದ್ದೆಗೆ ಹೋದಾಗ ಕಾಲುವೆ ದಂಡೆ ಮೇಲೆ ಬೈಕ್ ನಿಲ್ಲಿಸಿ ಒಳಗೆ ನಡೀತೀನಿ. ಪಂಪ್ ಸದ್ದಿನಲ್ಲಿ ಸೈರನ್ ಕೇಳೋದಿಲ್ಲ. ಅಲ್ಲಿ ನಂಬಿಕೆ ಇರೋದು ಮುಂದಿನ ಚಕ್ರದ ಡಿಸ್ಕ್ ಲಾಕ್ ಮೇಲೆ. ಮರ ಸಿಕ್ಕರೆ ಸರಪಳಿ ಮೇಲೆ.

ಕೂಗಿದರೆ ಬರೋರು ಯಾರು?

ಇಲ್ಲಿಗೆ ವಿಷಯದ ಬುಡಕ್ಕೆ ಬಂದ್ವಿ. ಸೈರನ್ ಕಳ್ಳನ ಕೈ ಹಿಡಿಯೋದಿಲ್ಲ, ಯಾರನ್ನಾದರೂ ಕರೆಯುತ್ತೆ, ಅಷ್ಟೇ. ಬರೋರಿಲ್ಲ ಅಂದ್ರೆ ಅದು ಬರೀ ಗಲಾಟೆ.

ಕಾರುಗಳ ವಿಷಯದಲ್ಲಿ ಯುರೋಪ್ ಹಿಡಿದದ್ದು ಬೇರೆ ದಾರಿ. 1998ರಿಂದ ಅಲ್ಲಿ ಮಾರುವ ಹೊಸ ಕಾರುಗಳಿಗೆ ಇಮ್ಮೊಬಿಲೈಜರ್ ಕಡ್ಡಾಯವಾಯ್ತು. ಸರಿಯಾದ ಕೀ ಇಲ್ಲದಿದ್ದರೆ ಎಂಜಿನ್ ಸ್ಟಾರ್ಟೇ ಆಗದ ಹಾಗೆ ತಡೆಯೋ ವ್ಯವಸ್ಥೆ ಅದು, ಕೂಗೋದೇ ಇಲ್ಲ. ಅದರಿಂದ ಕಾರು ಕಳ್ಳತನ ಸುಮಾರು ಶೇ. 40ರಷ್ಟು ಇಳಿದಿದೆ ಅಂತ ನೆದರ್ಲೆಂಡ್ಸ್‌ನ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದ್ದಾರೆ. ಆದರೆ ಬೈಕ್ ಕಾರಲ್ಲ. ಎಂಜಿನ್ ಸ್ಟಾರ್ಟ್ ಆಗದಿದ್ದರೂ ಇಬ್ಬರು ಎತ್ತಿ ಲಗೇಜ್ ಆಟೋಗೆ ಹಾಕಬಹುದು. ಹಾಗಾಗಿ ನಮಗೆ ತಡೆಯೋದೂ ಬೇಕು, ಕರೆಯೋದೂ ಬೇಕು. ಕರೆದಾಗ ಬರೋ ಜನವೂ ಬೇಕು.

ಆ ಜನ ಬರಬೇಕಂದ್ರೆ ಸುಳ್ಳು ಕೂಗು ಕಮ್ಮಿ ಇರಬೇಕು. 'ಹುಲಿ ಬಂತು ಹುಲಿ' ಕಥೆ ನಾವೆಲ್ಲ ಶಾಲೆಯಲ್ಲಿ ಕೇಳಿದ್ದೇ. ನಮ್ಮ ಓಣಿಯ ನಾಲ್ಕು ಅಲಾರಂಗಳಲ್ಲಿ ಎರಡು ಮೊದಲ ತಿಂಗಳು ಗಾಳಿಗೂ ಕೂಗಿದವು, ಗುಡುಗಿಗೂ ಕೂಗಿದವು. ಪಕ್ಕದ ಮನೆಯ ಅಜ್ಜಿಗೆ ಬಿಪಿ, ಎದುರು ಮನೆಯಲ್ಲಿ ಎಸ್ಸೆಸ್ಸೆಲ್ಸಿ ಹುಡುಗಿ. ಮೂರನೇ ವಾರಕ್ಕೆ ಯಾರೂ ಕಿಟಕಿ ತೆರೆಯೋದನ್ನೂ ಬಿಟ್ಟರು. ಕಳ್ಳನಿಗೆ ಇದಕ್ಕಿಂತ ಒಳ್ಳೆಯ ಓಣಿ ಬೇಕಾ? ಕೊನೆಗೆ ಒಂದು ಭಾನುವಾರ ಎಲ್ಲ ಬೈಕ್ ಸಾಲಾಗಿ ನಿಲ್ಲಿಸಿ ಸೂಕ್ಷ್ಮತೆ ಇಳಿಸಿದ್ವಿ. ಕೈಯಿಂದ ತಟ್ಟಿದರೆ ಸುಮ್ಮನಿರಬೇಕು, ಸ್ಟ್ಯಾಂಡ್‌ನಿಂದ ಎತ್ತಿದರೆ ಮಾತ್ರ ಕೂಗಬೇಕು. ಆಮೇಲೆ ಓಣಿಯಲ್ಲಿ ಸೈರನ್ ಕೇಳಿದರೆ ಮತ್ತೆ ಬಾಗಿಲು ತೆರೆಯೋಕೆ ಶುರುವಾಯ್ತು.

ಕಂಪ್ಲಿಯಲ್ಲಿ ಒಂದು ಮಧ್ಯಾಹ್ನ ಇದರ ಬೆಲೆ ಗೊತ್ತಾಯ್ತು. ಬೈಕ್ ನಿಲ್ಲಿಸೋ ಜಾಗದ ಎದುರು ಹೂವು ಮಾರೋ ಅಮ್ಮ ಒಬ್ಬರು ಕೂರ್ತಾರೆ. ಪ್ರತಿ ಸೋಮವಾರ ನಮಸ್ಕಾರ ಹೇಳಿ ಹೋಗೋದು ರೂಢಿ. ಅವತ್ತು ಅಂಗಡಿಯೊಳಗಿದ್ದೆ, ಸೈರನ್ ಕೇಳಿತು. ನಾನು ಹೊರಗೆ ಬರೋಷ್ಟರಲ್ಲಿ ಅಮ್ಮ ಎದ್ದು ನಿಂತಿದ್ದರು. "ಏ ತಮ್ಮಾ, ಅದು ಪಂಪಿನ ಸರ್ ಗಾಡಿ, ಬಿಡೋ ಅದನ್ನ!" ಒಬ್ಬ ಯುವಕ ಹ್ಯಾಂಡಲ್ ಬಿಟ್ಟು, ನಂದೇ ಅನ್ಕೊಂಡೆ ಅಂತ ಗೊಣಗುತ್ತಾ ಹೋದ. ನಿಜವಾಗಿಯೂ ಗಾಡಿ ತಪ್ಪಿದನೋ ಏನೋ, ಹೇಳೋಕಾಗಲ್ಲ. ಅಲಾರಂ ಕೂಗಿದ್ದು ಇಡೀ ಬೀದಿಗೆ ಕೇಳಿತ್ತು. ಎದ್ದು ನಿಂತವರು ಅದು ಯಾರ ಬೈಕ್ ಅಂತ ಗೊತ್ತಿದ್ದ ಒಬ್ಬರೇ.

ಕಾಗದದ ಕೆಲಸ

ಸೈರನ್ನನ್ನ ಹಾರ್ನ್ ಥರ ಬಳಸೋ ಆಸೆ ಬೇಡ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 119ನೇ ನಿಯಮದ ಪ್ರಕಾರ ಹಲವು ಸ್ವರದ ಹಾರ್ನ್, ಕರ್ಕಶವಾಗಿ ಬೆಚ್ಚಿಬೀಳಿಸುವ ಸದ್ದಿನ ಸಾಧನ ವಾಹನಕ್ಕೆ ಹಾಕುವಂತಿಲ್ಲ. ಓಡಿಸುವಾಗ ಸೈರನ್ ಹೊಡೆದರೆ ದಂಡ ಬೀಳಬಹುದು. ನಿಲ್ಲಿಸಿದಾಗಲೂ ಅರ್ಧ ನಿಮಿಷದಲ್ಲಿ ತಾನೇ ಸುಮ್ಮನಾಗೋ ಅಲಾರಂ ಆರಿಸಿ.

ಇವತ್ತೇ ಫೋನಿನಲ್ಲಿ ಪಾಲಿಸಿ ತೆರೆದು 'ಓನ್ ಡ್ಯಾಮೇಜ್' ಅವಧಿ ಎಲ್ಲಿಯವರೆಗಿದೆ ನೋಡಿ. ಚಾಸಿ ನಂಬರ್, ಎಂಜಿನ್ ನಂಬರ್, ಆರ್‌ಸಿ ಫೋಟೋ ತೆಗೆದಿಟ್ಟುಕೊಳ್ಳಿ. ಕ್ಲೇಮ್ ಮಾಡುವಾಗ ವಿಮಾ ಕಂಪನಿ ಎರಡೂ ಕೀ ಕೇಳುತ್ತೆ, ಎರಡನೆಯದು ಎಲ್ಲಿದೆ ಅಂತ ಈಗಲೇ ಹುಡುಕಿ.

ಕಳುವಾದರೆ ಮೊದಲು 112. ನಮ್ಮ ಭಾಗದವರಿಗೆ ಇನ್ನೊಂದು ಗೊಂದಲ ಇದೆ. 2021ರಲ್ಲಿ ವಿಜಯನಗರ ಜಿಲ್ಲೆ ಆದ ಮೇಲೆ ಹೊಸಪೇಟೆ, ಹಂಪಿ ಅದಕ್ಕೆ ಸೇರಿದವು. ಸಂಡೂರು, ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲೇ ಉಳಿದವು. ಹಾಗಾದ್ರೆ ದೂರು ಎಲ್ಲಿ ಕೊಡೋದು? 2024ರ ಜುಲೈ 1ರಿಂದ ಜಾರಿಯಲ್ಲಿರೋ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಘಟನೆ ಎಲ್ಲೇ ನಡೆದಿದ್ದರೂ ದೂರನ್ನ ಯಾವುದೇ ಠಾಣೆಯಲ್ಲಿ ಕೊಡಬಹುದು. ಎಲೆಕ್ಟ್ರಾನಿಕ್ ರೂಪದಲ್ಲಿ ಕಳಿಸಿದರೂ ಆಗುತ್ತೆ, ಆದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಆಮೇಲೆ ತಡಮಾಡದೆ ವಿಮಾ ಕಂಪನಿಗೆ, ಸಾಲ ಕೊಟ್ಟವರಿಗೆ ತಿಳಿಸಿ.

ಇಷ್ಟೆಲ್ಲ ಆದ ಮೇಲೂ ಅಲಾರಂ ಹಾಕಿಸಬೇಕಾ ಅಂದ್ರೆ, ಹಾಕಿಸಿ. ಹಾಕಿಸಿದ ದಿನ ಪಕ್ಕದ ಮನೆಯವರನ್ನ, ಟೀ ಅಂಗಡಿಯವರನ್ನ ಕರೆದು ಒಂದ್ಸಲ ಸೈರನ್ ಕೇಳಿಸಿ. "ಇದು ನಮ್ಮ ಗಾಡಿ ಸದ್ದು, ಕೇಳಿದ್ರೆ ಒಂದು ಸಲ ನೋಡ್ರಿ" ಅಂತ ಹೇಳಿ. ಅವರ ಗಾಡಿ ಕೂಗಿದಾಗ ನೀವೂ ಎದ್ದು ಹೋಗಿ ನೋಡಿ.