ಬಿಗಿದ ಮೇಲೆ ಇನ್ನೊಮ್ಮೆ ಬಿಗಿಯಿರಿ

ಮನೆಯ ಮುಂದೆ ಎತ್ತಿನ ಗಾಡಿ ನಿಲ್ಲುತ್ತಿದ್ದ ಕಾಲದಲ್ಲಿ, ಎತ್ತು ಹೂಡುವ ಮೊದಲು ಹಿರಿಯರ ಕೈ ತಾನಾಗಿಯೇ ಅಚ್ಚಿನ ತುದಿಗೆ ಹೋಗುತ್ತಿತ್ತು. ಕಡಾಣಿ ಸ್ಥಾನದಲ್ಲಿದೆಯೇ ಎಂದು ಮುಟ್ಟಿ ನೋಡದೆ ಯಾರೂ ನೊಗ ಎತ್ತುತ್ತಿರಲಿಲ್ಲ. ಜೇಡರ ದಾಸಿಮಯ್ಯನು ತನ್ನ ವಚನವೊಂದರಲ್ಲಿ ಬಂಡಿಯ ಈ ಕಡೆಗೀಲನ್ನೇ ಉಪಮಾನವಾಗಿ ಆರಿಸಿಕೊಂಡದ್ದು ಸುಮ್ಮನಲ್ಲ. ಬೆರಳುದ್ದದ ಆ ಕೀಲು ಕಳಚಿದರೆ ಬಂಡಿಯೂ ಇಲ್ಲ, ಹೊರೆಯೂ ಇಲ್ಲ.

ಇಂದು ನಮ್ಮ ತಾಳವಾಡಿಯ ಬೆಟ್ಟದ ಸೀಮೆಯಲ್ಲಿ ಗಾಡಿಯ ಸ್ಥಾನಕ್ಕೆ ಟ್ರಾಕ್ಟರಿನ ಟ್ರೇಲರು ಬಂದಿದೆ. ಎಲೆಕೋಸು, ಆಲೂಗಡ್ಡೆ, ಅರಿಸಿನ, ಕಬ್ಬು ಎಲ್ಲವೂ ಹೊಲದಿಂದ ಹೊರಬೀಳುವುದು ಅದರ ಬೆನ್ನ ಮೇಲೆಯೇ. ಕಡಾಣಿ ಹೋಗಿ ಚಕ್ರಕ್ಕೆ ಐದೋ ಆರೋ ಎಂಟೋ ನಟ್ಟುಗಳು ಬಂದವು. ಆದರೆ ಮುಟ್ಟಿ ನೋಡುವ ಹಿರಿಯರ ಅಭ್ಯಾಸವು ನಮ್ಮ ಕೈಗೆ ಬರಲಿಲ್ಲ.

ಈ ಮಾತನ್ನು ಪರರನ್ನು ದೂಷಿಸಲು ಹೇಳುತ್ತಿಲ್ಲ, ತಪ್ಪು ನನ್ನದೇ. ಒಂದು ವರ್ಷ ಆಯುಧಪೂಜೆಯ ಮುನ್ನಾದಿನ ಟ್ರೇಲರಿನ ಎರಡು ಚಕ್ರಗಳನ್ನೂ ಕಳಚಿ, ಒಳಗೂ ಹೊರಗೂ ದಪ್ಪವಾಗಿ ಬಣ್ಣ ಬಳಿದೆ. ಬಣ್ಣ ಆರುವ ಮೊದಲೇ ಚಕ್ರ ಕೂಡಿಸಿ, ಪಾನಾದ ಹಿಡಿಯ ಮೇಲೆ ನಿಂತು ನಟ್ಟುಗಳನ್ನು ಬಿಗಿದೆ. ಪೂಜೆಯೂ ಸಾಂಗವಾಗಿ ನಡೆಯಿತು. ನಾಲ್ಕನೆಯ ದಿನ ಎಲೆಕೋಸು ತುಂಬಿಕೊಂಡು ಹೋಗುತ್ತಿದ್ದಾಗ, ಚಕ್ರವೊಂದು ಬಲಗಡೆಯಿಂದ ನನ್ನನ್ನು ದಾಟಿ ಮುಂದೆ ಓಡಿತು. ಅದು ನಮ್ಮದೇ ಚಕ್ರವೆಂದು ತಿಳಿಯುವಷ್ಟರಲ್ಲಿ ಟ್ರೇಲರು ಒಂದು ಮಗ್ಗುಲಿಗೆ ಕುಸಿಯಿತು. ರಸ್ತೆಯಂಚಿನಲ್ಲಿ ಶಾಲೆಯಿಂದ ಮರಳುತ್ತಿದ್ದ ಇಬ್ಬರು ಹುಡುಗಿಯರು ಚೀಲ ಹಿಡಿದು ನಿಂತಿದ್ದರು. ಅವರಿಂದ ಒಂದು ಮಾರು ದೂರದಲ್ಲಿ ಆ ಚಕ್ರ ಹಾದು, ಬೇಲಿ ಮುರಿದು, ರಾಗಿಯ ಹೊಲದಲ್ಲಿ ಮಲಗಿತು. ಮಕ್ಕಳಿಗೆ ಏನೂ ಆಗಲಿಲ್ಲ. ಆ ಒಂದು ಮಾರಿನ ಅಂತರ ಮಾತ್ರ ಇಂದಿಗೂ ನನ್ನ ನಿದ್ದೆಯಲ್ಲಿ ಬರುತ್ತದೆ.

ಬಹುಕಾಲ ಲಾರಿ ಓಡಿಸಿದ ಹಿರಿಯರೊಬ್ಬರು ಬಂದು ನೋಡಿದರು. ಚಕ್ರದ ತೂತುಗಳು ಮೊಟ್ಟೆಯ ಆಕಾರಕ್ಕೆ ಸವೆದಿದ್ದವು. ಅವರು ಉಗುರಿನಿಂದ ಬಣ್ಣದ ಪದರವನ್ನು ಕೆರೆದು ತೋರಿಸಿ, “ನೀನು ನಟ್ಟು ಬಿಗಿದದ್ದು ಕಬ್ಬಿಣಕ್ಕಲ್ಲ, ಬಣ್ಣಕ್ಕೆ” ಎಂದರು.

ಆ ಮಾತಿನ ಅರ್ಥವನ್ನು ತುಸು ಬಿಡಿಸಿ ನೋಡೋಣ. ನಟ್ಟನ್ನು ಬಿಗಿದಂತೆ ಅದರೊಳಗಿನ ಸ್ಟಡ್ಡು ಕೂದಲೆಳೆಯಷ್ಟು ಹಿಗ್ಗುತ್ತದೆ. ಹಿಗ್ಗಿದ ಉಕ್ಕು ಸ್ಪ್ರಿಂಗಿನಂತೆ ಹಿಂದಕ್ಕೆ ಎಳೆಯುತ್ತ ಚಕ್ರವನ್ನು ಹಬ್ಬಿನ ಮುಖಕ್ಕೆ ಒತ್ತಿ ಹಿಡಿಯುತ್ತದೆ. ಹೊರೆಯನ್ನು ತಾಳುವುದು ಮುಖ್ಯವಾಗಿ ಆ ಒತ್ತಡದಿಂದ ಹುಟ್ಟುವ ಘರ್ಷಣೆಯೇ. ನಡುವೆ ಬಣ್ಣವೋ ತುಕ್ಕೋ ಮಣ್ಣೋ ಇದ್ದರೆ, ನಾಲ್ಕು ಗುಂಡಿಗಳಲ್ಲಿ ಕುಲುಕಿದೊಡನೆ ಅದು ಹಿಸುಕಿ ತೆಳ್ಳಗಾಗುತ್ತದೆ. ಸ್ಟಡ್ಡಿನ ಎಳೆತ ಸಡಿಲುತ್ತದೆ. ಆಮೇಲೆ ನಟ್ಟು ತಾನೇ ತಿರುಗಿ ಬಿಚ್ಚಿಕೊಳ್ಳುತ್ತದೆ. ಕಾರಿನ ಚಕ್ರ ಓಲಾಡಿದರೆ ಚಾಲಕನ ಕೈಗೆ ತಿಳಿಯುತ್ತದೆ. ಟ್ರೇಲರಿನ ಚಕ್ರವಾದರೋ ಅವನ ಬೆನ್ನ ಹಿಂದೆ ಇರುವುದು. ಅದು ಕಳಚುವವರೆಗೂ ಅವನಿಗೆ ಸುಳಿವು ಸಿಕ್ಕುವುದು ಅಪರೂಪ.

ಇನ್ನು ಕೆಲಸದ ಕ್ರಮ. ಹೊರೆ ಇಳಿಸಿ, ಟ್ರೇಲರನ್ನು ಟ್ರಾಕ್ಟರಿನಿಂದ ಬಿಡಿಸದೆ, ಸಮನಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ ಬ್ರೇಕು ಹಾಕಬೇಕು. ಎದುರು ಚಕ್ರಕ್ಕೆ ಹಿಂದೆ ಮುಂದೆ ಎರಡು ಕಡೆಯೂ ಕಲ್ಲು ಕೊಡಬೇಕು. ನಟ್ಟುಗಳನ್ನು ಸಡಿಲಿಸುವುದು ಚಕ್ರ ನೆಲದ ಮೇಲಿರುವಾಗಲೇ. ಮೇಲೆತ್ತಿದ ಚಕ್ರ ಪಾನಾದೊಡನೆ ತಾನೂ ತಿರುಗಿ, ಜಾಕಿಯನ್ನು ಜಾರಿಸೀತು. ಒಂದೊಂದನ್ನೂ ಅರ್ಧ ಸುತ್ತಿನಷ್ಟು ಮಾತ್ರ ಸಡಿಲಿಸಿ, ಪೂರ್ತಿ ಬಿಚ್ಚದೆ ನಿಲ್ಲಿಸಿರಿ. ಸಾಮಾನ್ಯವಾಗಿ ನಟ್ಟು ಬಿಚ್ಚುವುದು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ. ಆದರೆ ಕೆಲವು ಹಳೆಯ ಭಾರಿ ವಾಹನಗಳ ಎಡಗಡೆಯ ಚಕ್ರದಲ್ಲಿ ಎಡಸುತ್ತಿನ ತಿರುಪು ಇರುತ್ತದೆ. ಬಲ ಹಾಕುವ ಮೊದಲು ಸ್ಟಡ್ಡಿನ ತುದಿಯಲ್ಲಿ ‘ಎಲ್’ ಗುರುತು ಇದೆಯೇ ಎಂದು ನೋಡಿಕೊಳ್ಳುವುದು ಲೇಸು. ಹಟ ಹಿಡಿದ ನಟ್ಟಿಗೆ ತುಕ್ಕು ಬಿಡಿಸುವ ಎಣ್ಣೆ ಹನಿಸಿ ಕಾಯಿರಿ. ಪಾನಾಕ್ಕೆ ಕೊಳವೆ ತೊಡಿಸಿ ಹಿಡಿಯನ್ನು ಉದ್ದಮಾಡುವುದು ಬಿಚ್ಚುವಾಗ ಸರಿ, ಬಿಗಿಯುವಾಗ ಸಲ್ಲದು. ಜಾಕಿಯ ಅಡಿಗೆ ಹಲಗೆ ಇರಲಿ. ಮೇಲೆತ್ತಿದ ಟ್ರೇಲರಿನ ಕೆಳಗೆ ಯಾರೂ ನುಸುಳಬಾರದು.

ಕೂಡಿಸುವ ಮುನ್ನ ಚಕ್ರದ ಮತ್ತು ಹಬ್ಬಿನ ಮುಖಗಳನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ ಲೋಹ ಕಾಣುವಂತೆ ಮಾಡಿರಿ. ಬಣ್ಣ ಹಚ್ಚುವ ಆಸೆಯಿದ್ದರೆ ಮುಖ ಮುಖಕ್ಕೆ ತಾಗುವ ಭಾಗವನ್ನೂ ನಟ್ಟು ಕೂರುವ ತೂತನ್ನೂ ಬಿಟ್ಟು ಹಚ್ಚಿರಿ. ಸ್ಟಡ್ಡಿನ ಎಣ್ಣೆಯನ್ನು ಒರೆಸಿರಿ. ತಯಾರಕರೇ ಹೇಳಿದ್ದ ಹೊರತು ಅಲ್ಲಿ ಗ್ರೀಸು ಬೇಡ. ಜಾರುವ ತಿರುಪಿಗೆ ಅದೇ ಬಲ ಹಾಕಿದರೂ ಸ್ಟಡ್ಡು ಅತಿಯಾಗಿ ಹಿಗ್ಗುತ್ತದೆ. ನಟ್ಟಿನ ಓರೆಮುಖ ಚಕ್ರದ ಕಡೆಗಿರಲಿ. ಮೊದಲು ಎಲ್ಲವನ್ನೂ ಬೆರಳಿನಿಂದಲೇ ತಿರುಗಿಸಿ ಕೂರಿಸಿರಿ. ಅನಂತರ ಒಂದನ್ನು ಬಿಗಿದು ಅದರ ಎದುರಿನದಕ್ಕೆ ಹೋಗಬೇಕು. ಐದು ನಟ್ಟುಗಳಿದ್ದರೆ ನಕ್ಷತ್ರ ಬರೆಯುವ ಕ್ರಮ. ಪಕ್ಕಪಕ್ಕದ್ದನ್ನೇ ಬಿಗಿಯುತ್ತ ಸುತ್ತಿದರೆ ಚಕ್ರ ಓರೆಯಾಗಿ ಕೂರುತ್ತದೆ. ಚಕ್ರವನ್ನು ನೆಲಕ್ಕೆ ಇಳಿಸಿದ ಬಳಿಕ, ಅದೇ ಕ್ರಮದಲ್ಲಿ ಎರಡು ಮೂರು ಸುತ್ತಿನಲ್ಲಿ ಪೂರ್ತಿ ಬಿಗಿಯಬೇಕು.

ಎಷ್ಟು ಬಿಗಿಯಬೇಕು? ಅದಕ್ಕೆ ಉತ್ತರ ತಯಾರಕರ ಕೈಪಿಡಿಯಲ್ಲಿದೆ. ಅಳೆಯಲು ಟಾರ್ಕ್ ಪಾನಾ ಇದೆ. ಒಂದು ಲೆಕ್ಕ ಕೊಡುತ್ತೇನೆ. ಕೈಪಿಡಿ 100 ನ್ಯೂಟನ್ ಮೀಟರ್ ಎಂದರೆ, ಅರ್ಧ ಮೀಟರ್ ಹಿಡಿಯ ತುದಿಯಲ್ಲಿ ಸುಮಾರು 20 ಕಿಲೋ ತೂಕದ ಒತ್ತು. 60 ಕಿಲೋ ತೂಗುವ ಮನುಷ್ಯ ಆ ಹಿಡಿಯ ತುದಿಯಲ್ಲಿ ನಿಂತರೆ ಅದರ ಮೂರರಷ್ಟಾಯಿತು! ಹೀಗೆ ಹಿಂಸೆಗೊಂಡ ಸ್ಟಡ್ಡು ಆಗ ಮುರಿಯದಿದ್ದರೂ ತನ್ನ ಸ್ಪ್ರಿಂಗಿನ ಗುಣವನ್ನು ಕಳೆದುಕೊಂಡೀತು. ನಾನು ಪಾನಾದ ಮೇಲೆ ನಿಂತು ಪಡೆದ ಧೈರ್ಯ ಇಂಥದು.

ಎಲ್ಲಕ್ಕಿಂತ ಮುಖ್ಯವಾದ ಮಾತು ಇದು: ಬಿಗಿದ ಚಕ್ರವನ್ನು ಇನ್ನೊಮ್ಮೆ ಬಿಗಿದು ನೋಡಬೇಕು. ಅಮೆರಿಕದಲ್ಲಿ ನೆಲೆಸಿರುವ ನಮ್ಮವರು ಕಾರಿನ ಹಿಂದೆ ಮನೆಯಂಥ ಪ್ರವಾಸಿ ಟ್ರೇಲರು ಕಟ್ಟಿಕೊಂಡು ಹೋಗುವುದುಂಟು. ಅಲ್ಲಿಯ ಅಚ್ಚು ತಯಾರಕರ ಕೈಪಿಡಿಯಲ್ಲಿ, ಚಕ್ರ ಕಳಚಿ ಕೂಡಿಸಿದ ಮೇಲೆ 10, 25 ಮತ್ತು 50 ಮೈಲಿಗಳಲ್ಲಿ ನಟ್ಟುಗಳನ್ನು ಪರೀಕ್ಷಿಸಬೇಕೆಂಬ ಸೂಚನೆ ಇದೆ. ಎಂದರೆ ಸುಮಾರು 16, 40, 80 ಕಿಲೋಮೀಟರಿಗೆ ಒಮ್ಮೊಮ್ಮೆ. ಅವರ ನುಣುಪಾದ ಹೆದ್ದಾರಿಗೇ ಇಷ್ಟು ಬೇಕಾದರೆ ನಮ್ಮ ಹೊಲದ ದಾರಿಗೆ ಬೇಡವೇ?

ಪಿಕಪ್ಪು, ಲಾರಿಗಳಿಗೂ ಈ ಮಾತು ಸಲ್ಲುತ್ತದೆ. ಬಣ್ಣಾರಿಗೆ ಇಳಿಯುವ ದಿಂಬಂ ಘಟ್ಟದಲ್ಲಿ 27 ಹಿಮ್ಮುರಿ ತಿರುವುಗಳಿವೆ. ಒಂದೊಂದು ತಿರುವೂ ಚಕ್ರವನ್ನು ಪಕ್ಕಕ್ಕೆ ಎಳೆಯುತ್ತದೆ. ನ್ಯಾಯಾಲಯದ ಆದೇಶದಿಂದ 2022ರಲ್ಲಿ ಅಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಿದ್ದ ಮೇಲೆ, ಹೊತ್ತಿಗೆ ಮುಂಚೆ ಘಟ್ಟ ದಾಟುವ ಆತುರವೂ ಸೇರಿದೆ. ಆತುರದಲ್ಲಿ ಬದಲಿಸಿದ ಚಕ್ರಕ್ಕೆ ಮರುಪರೀಕ್ಷೆ ಇನ್ನೂ ಅಗತ್ಯ. ಆದರೆ ಘಟ್ಟ ಇಳಿದೊಡನೆ ಬ್ರೇಕಿನ ಬಿಸಿಯಲ್ಲಿ ನಟ್ಟು ಬಿಗಿಯಬೇಡಿರಿ, ಚಕ್ರ ತಣ್ಣಗಾಗಲಿ.

ನಟ್ಟಿನ ಬುಡದಿಂದ ತುಕ್ಕಿನ ಗೆರೆ ಹೊರಟಿದ್ದರೆ, ಅದರ ಸುತ್ತ ಲೋಹ ಸವೆದು ಹೊಳೆಯುತ್ತಿದ್ದರೆ, ಅದು ಸಡಿಲವಾಗಿದೆಯೆಂದು ಶಂಕಿಸಬೇಕು. ತೂತು ಸವೆದ ಚಕ್ರವನ್ನು ಮತ್ತೆ ಬಳಸಕೂಡದು. ಇದನ್ನು ಕಾಣಲು ಮೆಕ್ಯಾನಿಕ್ಕೇ ಬೇಕಿಲ್ಲ. ಮನೆಯ ಹೆಣ್ಣುಮಕ್ಕಳಿಗೂ ಶಾಲೆಯ ಹುಡುಗರಿಗೂ ಸಾಧ್ಯ. ಈಗ ನಮ್ಮ ಮನೆಯಲ್ಲಿ ಟ್ರೇಲರು ಹೊರಡುವ ಮುನ್ನ ನನ್ನ ಮಗಳು ಎರಡು ಚಕ್ರಗಳನ್ನೂ ಸುತ್ತಿ, ನಟ್ಟುಗಳನ್ನು ಎಣಿಸಿ, ಮುಟ್ಟಿ ನೋಡಿ “ಸರಿ” ಎನ್ನುತ್ತಾಳೆ. ಆ ಮಾತು ಬೀಳುವವರೆಗೆ ನಾನು ಎಂಜಿನು ಹೊತ್ತಿಸುವುದಿಲ್ಲ. ಬರುವ ಆಯುಧಪೂಜೆಗೆ ಕುಂಕುಮ ಹಚ್ಚುವ ಕೈ ಚಕ್ರದ ನಟ್ಟನ್ನೂ ಒಮ್ಮೆ ಮುಟ್ಟಿ ನೋಡಲಿ.