ಸಿಸೇರಿಯನ್: ಸಹಿ ಹಾಕುವ ಮೊದಲು...

ಮಗು ಹುಟ್ಟಿದ ಸುದ್ದಿ ಬಂದರೆ ನಮ್ಮ ಇಲವಾಲದ ಕಡೆ ಮೊದಲು ಕೇಳೋದು ಗಂಡೋ ಹೆಣ್ಣೋ ಅಂತ. ಎರಡನೇ ಪ್ರಶ್ನೆ, 'ನಾರ್ಮಲ್ಲಾ, ಸಿಸೇರಿಯನ್ನಾ?' ಸಿಸೇರಿಯನ್ ಅಂದಿರೋ, 'ಈಗಿನ ಹುಡುಗೀರಿಗೆ ನೋವು ತಿನ್ನೋಕೆ ಆಗಲ್ಲ' ಎನ್ನುವವರು ಕೆಲವರು, 'ದುಡ್ಡಿಗೋಸ್ಕರ ಕುಯ್ದುಬಿಟ್ರು' ಎನ್ನುವವರು ಹಲವರು. ಬಾಣಂತಿಯ ಹೊಲಿಗೆ ಒಣಗುವ ಮೊದಲೇ ತೀರ್ಪು ಬಂದಿರುತ್ತದೆ!

ದುಡ್ಡಿನ ಅನುಮಾನ ಪೂರ್ತಿ ಸುಳ್ಳೂ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ 31.5ರಷ್ಟು ಹೆರಿಗೆಗಳು ಸಿಸೇರಿಯನ್. ಖಾಸಗಿ ಆಸ್ಪತ್ರೆಗಳಲ್ಲಂತೂ ಅರ್ಧಕ್ಕಿಂತ ಹೆಚ್ಚು. ಸರ್ಕಾರಿ ಆಸ್ಪತ್ರೆಗಳಲ್ಲಿ ಕಾಲು ಭಾಗಕ್ಕಿಂತ ಕಡಿಮೆ. ಇದರಲ್ಲಿ ನಮ್ಮ ಪಾಲೂ ಇದೆ. ಪಂಚಾಂಗ ಹಿಡಿದು ನಕ್ಷತ್ರ ನೋಡಿ ದಿನ ಗೊತ್ತು ಮಾಡುವವರು ಡಾಕ್ಟರಲ್ಲ, ನಾವೇ. ಮುಹೂರ್ತ ಚೆನ್ನಾಗಿದೆ ಅಂತ 39 ವಾರ ತುಂಬುವ ಮೊದಲೇ ಮಗುವನ್ನು ತೆಗೆಸಿದರೆ ಅದಕ್ಕೆ ಉಸಿರಾಟದ ತೊಂದರೆ ಕಾಡಬಹುದು. ಇನ್ನು ತಾಯಿಗೆ ಪ್ರತಿ ಸಿಸೇರಿಯನ್ನೂ ಮುಂದಿನ ಬಸಿರಿನ ಅಪಾಯವನ್ನು ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತದೆ.

ಹಾಗಂತ ಎಲ್ಲದಕ್ಕೂ ಅನುಮಾನ ಪಡುತ್ತಾ ಕೂತರೆ ಜೀವ ಹೋಗುತ್ತದೆ. ಮಾಸು (ಕಸ ಅಂತೀವಲ್ಲ, ಅದು) ಗರ್ಭಕೋಶದ ಬಾಯಿಯನ್ನೇ ಮುಚ್ಚಿಕೊಂಡಿದ್ದರೆ ಮಗು ಬರಲು ದಾರಿಯೇ ಇಲ್ಲ, ರಕ್ತ ಹರಿದು ಹೋಗುತ್ತದೆ. ಹೆರಿಗೆ ಹೊತ್ತಿಗೂ ಮಗು ಅಡ್ಡಲಾಗಿಯೇ ಇದ್ದರೆ ಎಷ್ಟು ನೋವು ತಿಂದರೂ ಹೊರಬರದು. ನೀರು ಹೋದಾಗ ಮಗುವಿಗಿಂತ ಮೊದಲು ಹೊಕ್ಕುಳಬಳ್ಳಿ ಜಾರಿತೋ, ಆಗ ಲೆಕ್ಕ ನಿಮಿಷಗಳಲ್ಲಿ. ಮಗುವಿನ ಎದೆಬಡಿತ ನಿಮಿಷಕ್ಕೆ 110ರಿಂದ 160 ಇರಬೇಕಾದದ್ದು ಇಳಿದು ಮೇಲೇಳದಿದ್ದರೂ ಅಷ್ಟೇ. ಅಂಥ ಹೊತ್ತಲ್ಲಿ 'ಊರಿಂದ ಮಾವ ಬರಲಿ, ಕೇಳಿ ಹೇಳ್ತೀವಿ' ಅನ್ನಬಾರದು. ನಡುರಾತ್ರಿ ಹುಣಸೂರು ರಸ್ತೆಯಲ್ಲಿ ಮೈಸೂರಿನ ಚೆಲುವಾಂಬ ಆಸ್ಪತ್ರೆಗೆ ಹೊರಟವರಿಗೆ ದಾರಿಯಲ್ಲೇ ಎಷ್ಟೋ ಹೊತ್ತು ಹೋಗಿರುತ್ತದೆ.

ಅದೇ 'ಕತ್ತಿಗೆ ಬಳ್ಳಿ ಸುತ್ತಿದೆ' ಎಂದರೆ ಹೆದರಬೇಡಿ. ನಾಲ್ಕೈದು ಮಕ್ಕಳಲ್ಲಿ ಒಂದಕ್ಕೆ ಸುತ್ತಿರುತ್ತದೆ. ಎದೆಬಡಿತ ಸರಿಯಿದ್ದರೆ ಅದೊಂದೇ ಸಿಸೇರಿಯನ್‌ಗೆ ಕಾರಣವಲ್ಲ. (ಮಾಲೆ ಹಾಕಿಕೊಂಡು ಹುಟ್ಟಿದ ಮಗು ಸೋದರಮಾವನಿಗೆ ಆಗಲ್ಲ ಅನ್ನೋ ಮಾತಂತೂ ಬಿಡಿ, ಪಾಪ ಆ ಮಾವ ಏನು ಮಾಡಿದ?) ಹುಡುಗಿ ಕುಳ್ಳಗಿದ್ದಾಳೆ ಅನ್ನೋದೂ ತಾನಾಗಿ ಕಾರಣವಾಗದು. ಆದ್ದರಿಂದ ಏಳು, ಎಂಟನೇ ತಿಂಗಳ ತಪಾಸಣೆಗೆ ಹೋದಾಗಲೇ ಕೇಳಿಬಿಡಿ: ನನಗೆ ಯಾವ ಕಾರಣಕ್ಕೆ ಬೇಕಾಗಬಹುದು? ಕಾದು ನೋಡಿದರೆ ಏನಾದೀತು? ಒಳ್ಳೆ ಡಾಕ್ಟರು ಇದಕ್ಕೆ ಸಿಡುಕುವುದಿಲ್ಲ.

ನನಗೆ ಮುಖ್ಯ ಅನಿಸೋದು ಸಹಿಯ ವಿಷಯ. ಫಾರಂ ಬಂದ ಕೂಡಲೇ ಗಂಡನನ್ನೋ ಅತ್ತೆಯನ್ನೋ ಹುಡುಕುತ್ತಾರೆ. ಹೊಟ್ಟೆ ಯಾರದು ಸ್ವಾಮಿ? ಅರಿವಳಿಕೆಯಲ್ಲಿದ್ದ ಮಹಿಳೆಯೊಬ್ಬರ ಗರ್ಭಕೋಶವನ್ನು ಆಕೆಯ ತಾಯಿಯ ಒಪ್ಪಿಗೆ ಪಡೆದು ತೆಗೆದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ: ರೋಗಿ ಬುದ್ಧಿ ಬಲಿತ ವಯಸ್ಕಳಾಗಿದ್ದರೆ ಬೇಕಾದದ್ದು ಅವಳ ಒಪ್ಪಿಗೆ, ಬೇರೆಯವರದಲ್ಲ. ಜೀವ ಉಳಿಸುವ ತುರ್ತಿಗಷ್ಟೇ ವಿನಾಯಿತಿ. ಹಾಗಾಗಿ ಮನೆಯವರೆಲ್ಲ ಚರ್ಚೆ ಮಾಡಲಿ, ಬೇಡವೆನ್ನುವುದಿಲ್ಲ. ಆದರೆ ವಿಷಯ ತಿಳಿದುಕೊಂಡು ಪೆನ್ನು ಹಿಡಿಯಬೇಕಾದವಳು ಬಸುರಿಯೇ.

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ತೀರಿಕೊಂಡ ಮೇಲೆ ಎಷ್ಟೋ ಮನೆಗಳಲ್ಲಿ ಭಯ ಹೊಕ್ಕಿದೆ. ಅಲ್ಲಿ ಪ್ರಶ್ನೆ ಎದ್ದದ್ದು ಡ್ರಿಪ್‌ನಲ್ಲಿ ಕೊಟ್ಟ ದ್ರಾವಣದ ಗುಣಮಟ್ಟದ ಬಗ್ಗೆ. ಅದಕ್ಕೆ ಸರ್ಕಾರವನ್ನು ಕೇಳೋಣ, ಬಿಡದೆ ಕೇಳೋಣ. ಆ ಭಯಕ್ಕೆ ಬೇಕಾದ ಆಪರೇಷನ್ನನ್ನೇ ಬೇಡ ಎನ್ನುವುದು ಬೇರೆ ಮಾತು.

ಆಪರೇಷನ್ ಆದವಳಿಗೆ ನೀರು ಕೊಡದೆ, ಹಾಸಿಗೆಯಿಂದ ಏಳಲು ಬಿಡದೆ ಬಾಣಂತನ ಮಾಡಬೇಡಿ. ಡಾಕ್ಟರು ಹೇಳಿದ ಹೊತ್ತಿಗೆ ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಕಡಿಮೆ. ಜ್ವರ ಬಂದರೆ, ಹೊಲಿಗೆಯಲ್ಲಿ ಕೀವಾದರೆ, ರಕ್ತಸ್ರಾವ ಜಾಸ್ತಿಯಾದರೆ ಮನೆಮದ್ದು ಬೇಡ, ಆಸ್ಪತ್ರೆಗೆ ಓಡಿ. ಒಂದು ಸಲ ಸಿಸೇರಿಯನ್ ಆದರೆ ಎರಡನೆಯದೂ ಹಾಗೇ ಆಗಬೇಕೆಂದೇನಿಲ್ಲ. ಎಷ್ಟೋ ಜನರಿಗೆ ಸಹಜ ಹೆರಿಗೆ ಆಗಿದೆ. ಅದನ್ನು ನಿರ್ಧರಿಸಲು ಮುಂದಿನ ಡಾಕ್ಟರಿಗೆ, ಯಾಕೆ ಕುಯ್ದರು, ಗರ್ಭಕೋಶದ ಮೇಲೆ ಗಾಯ ಅಡ್ಡಲಾಗಿದೆಯೋ ಉದ್ದಕ್ಕಿದೆಯೋ ಎಂಬುದು ಬೇಕು. ಇದನ್ನೆಲ್ಲ ಬರೆಸಿಕೊಂಡ ಡಿಸ್ಚಾರ್ಜ್ ಚೀಟಿಯನ್ನು ತಾಯಿ ಕಾರ್ಡಿನ ಜತೆಗೇ ಇಟ್ಟಿರಿ, ಬೀರುವಿನಲ್ಲಿ ಒಡವೆ ಇಡುವ ಜಾಗದಲ್ಲಿ.