ಹೆಸರು ಮಾರುವ ಅಂಗಡಿಗಳು

‘ಜಾವಾ ಕಲಿಯಬೇಕೇ, ಪೈಥಾನ್ ಕಲಿಯಬೇಕೇ?’ ಶೆಟ್ಟಿಹಳ್ಳಿಯ ಯುವಕರು ನಮ್ಮೊಡನೆ ಕೇಳುವ ಈ ಪ್ರಶ್ನೆಯನ್ನು ಅವರ ಬಾಯಿಗೆ ತುರುಕಿದ್ದು ತರಬೇತಿ ಕೇಂದ್ರಗಳ ಫಲಕಗಳು. ತಾಯಿಯ ಬಳೆ ಅಡವಿಟ್ಟು ಕಟ್ಟಿದ ಶುಲ್ಕಕ್ಕೆ ಕೊನೆಯಲ್ಲಿ ದಕ್ಕುವುದು ಒಂದು ಪ್ರಮಾಣಪತ್ರ!

ಇಂತಹ ಹೆಸರುಗಳ ಆಯುಷ್ಯವಾದರೂ ಎಷ್ಟು? ಫ್ಲ್ಯಾಶನ್ನೇ ನಂಬಿ ಆಕ್ಷನ್‌ಸ್ಕ್ರಿಪ್ಟ್ ಕಲಿತವರಿದ್ದರು. ಅಡೋಬ್ ಸಂಸ್ಥೆ 2020ರ ಡಿಸೆಂಬರ್ 31ರಂದು ಫ್ಲ್ಯಾಶ್ ಪ್ಲೇಯರನ್ನೇ ಕೈಬಿಟ್ಟಿತು. ಅತ್ತ 1970ರ ದಶಕದಲ್ಲಿ ಹುಟ್ಟಿದ ಸಿ ಭಾಷೆಯೂ ಎಸ್‌ಕ್ಯೂಎಲ್ಲೂ ಇಂದಿಗೂ ಅನ್ನ ನೀಡುತ್ತಿವೆ. ದತ್ತಾಂಶವನ್ನು ಹೇಗೆ ಜೋಡಿಸಬೇಕು, ಹೇಗೆ ಹುಡುಕಬೇಕು, ಪ್ರೋಗ್ರಾಮ್ ಏಕೆ ನಿಧಾನವಾಗುತ್ತದೆ ಎಂಬುದನ್ನು ಒಂದೇ ಭಾಷೆಯಲ್ಲಿ ಆಳವಾಗಿ ಅರಿತವನಿಗೆ ಇನ್ನೊಂದು ಭಾಷೆ ಕಷ್ಟವಾಗದು. ಪಕ್ಕದ ಪೀಣ್ಯದಲ್ಲಿ ಲೇತ್ ತಿರುಗಿಸುವ ತಂದೆಗೆ ಇದನ್ನು ವಿವರಿಸಬೇಕಿಲ್ಲ. ಯಂತ್ರ ಬದಲಾದರೂ ಅಳತೆ ಬಲ್ಲವನ ಕೂಲಿ ನಿಲ್ಲದೆಂದು ಆತ ಬಲ್ಲ. ಮಗನನ್ನು ಸೇರಿಸುವಾಗ ಮಾತ್ರ ಏಕೆ ಮರೆಯುತ್ತಾನೋ!

2022ರಲ್ಲಿ ಚಾಟ್‌ಜಿಪಿಟಿ ಬಂದ ಮೇಲಂತೂ ಕೋಡ್ ಗೀಚುವ ಕೆಲಸವನ್ನು ಯಂತ್ರವೇ ಮಾಡುತ್ತಿದೆ. ಅದು ಬರೆದುದರಲ್ಲಿ ತಪ್ಪು ಹುಡುಕಬಲ್ಲ ಮನುಷ್ಯ ಬೇಕಾಗಿದ್ದಾನೆ. ಆ ವಿದ್ಯೆ ಯಾವ ಫಲಕದಲ್ಲಿದೆ? ಐಐಟಿಗಳೂ ಯಶವಂತಪುರದ ಬಳಿಯ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ನಡೆಸುವ ಎನ್‌ಪಿಟಿಇಎಲ್‌ನಲ್ಲಿ ಈ ಪಾಠಗಳು ಉಚಿತವಾಗಿ ಲಭ್ಯವಿವೆ. ಆದರೂ ಕೇಂದ್ರಕ್ಕೇ ಸೇರಿಸುವುದಾದರೆ, ಹೆತ್ತವರೇ, ಕಲಿಸುವಾತ ತಾನೇ ಬರೆದ ಒಂದು ಪ್ರೋಗ್ರಾಮನ್ನು ಮೊದಲು ತೋರಿಸಲಿ. ಬಳೆ ಆಮೇಲೆ ಬಿಚ್ಚಿರಿ.